ಮದುವೆ ಊಟದ ಮರುದಿನದ ಎರಡು ಕಿಲೋ

ಆರು ವರ್ಷ ನನ್ನ ತೂಕ 67ಕ್ಕೂ 74 ಕಿಲೋಗೂ ನಡುವೆ ಉಯ್ಯಾಲೆ ಆಡಿತು. ಮದುವೆ ಸೀಸನ್ ಬಂತೆಂದರೆ ರಾತ್ರಿ ಊಟ ಬಿಡುತ್ತಿದ್ದೆ, ಅನ್ನ ಮುದ್ದೆ ಮುಟ್ಟುತ್ತಿರಲಿಲ್ಲ. ಒಂದೇ ತಿಂಗಳಲ್ಲಿ ಐದು ಕಿಲೋ ಇಳಿಯುತ್ತಿತ್ತು. ದೀಪಾವಳಿ ಹೊತ್ತಿಗೆ ಅಷ್ಟೂ ವಾಪಸ್. ಥೈರಾಯ್ಡ್ ಇರಬಹುದೆಂದು ಪರೀಕ್ಷೆ ಮಾಡಿಸಿದೆ, ಸರಿಯಾಗಿತ್ತು.

ನನ್ನ ಕಣ್ಣು ತೆರೆಸಿದ್ದು ಅಕ್ಕನ ಮಗಳ ಮದುವೆ. ಮರುದಿನ ಬೆಳಿಗ್ಗೆ ನೋಡಿದರೆ ಎರಡು ಕಿಲೋ ಜಾಸ್ತಿ! ಅವತ್ತು ಮೊದಲ ಸಲ ಕೂತು ಲೆಕ್ಕ ಹಾಕಿದೆ. ಒಂದು ಕಿಲೋ ಕೊಬ್ಬು ಸೇರಬೇಕಾದರೆ ಸುಮಾರು 7,700 ಕ್ಯಾಲೊರಿ ಹೆಚ್ಚಿಗೆ ತಿನ್ನಬೇಕು. ಎಷ್ಟೇ ಒಬ್ಬಟ್ಟು ತಿಂದರೂ ಒಂದೇ ಊಟದಲ್ಲಿ ಎರಡು ಕಿಲೋ ಕೊಬ್ಬು ಆಗೋದಿಲ್ಲ ಅಲ್ವಾ? ಅದು ಉಪ್ಪಿನಕಾಯಿ, ಹಪ್ಪಳದ ಉಪ್ಪು ಹಿಡಿದಿಟ್ಟ ನೀರು, ಜೊತೆಗೆ ಹೊಟ್ಟೆಯಲ್ಲಿ ಇನ್ನೂ ಇದ್ದ ಊಟ. ಅನ್ನ, ಸಿಹಿಯಿಂದ ಬರುವ ಸಕ್ಕರೆ ಅಂಶ ಸ್ನಾಯು ಮತ್ತು ಲಿವರ್‌ನಲ್ಲಿ ಗ್ಲೈಕೋಜನ್ ಆಗಿ ಕೂರುತ್ತದೆ. ಅದರ ಒಂದೊಂದು ಗ್ರಾಂ ಸುಮಾರು 3 ಗ್ರಾಂ ನೀರನ್ನು ಹಿಡಿದುಕೊಳ್ಳುತ್ತದೆ. ಅನ್ನ ಬಿಟ್ಟ ಮೊದಲ ವಾರ ಸರಸರ ಇಳಿಯುತ್ತಿದ್ದ ತೂಕವೂ ಬಹುಪಾಲು ಇದೇ ನೀರು. ಈ ಸಲ ಉಪವಾಸ ಮಾಡದೆ ಕಾದೆ. ನಾಲ್ಕನೇ ದಿನಕ್ಕೆ ಮೊದಲಿನ ತೂಕಕ್ಕೇ ಬಂದಿದ್ದೆ.

ಈಗ ದಿನಾ ಬೆಳಿಗ್ಗೆ ಕಾಫಿಗೆ ಮುಂಚೆ ತೂಕ ನೋಡಿ ಕ್ಯಾಲೆಂಡರ್‌ನಲ್ಲಿ ಬರೆಯುತ್ತೇನೆ. ಭಾನುವಾರ ಏಳು ದಿನದ ಸರಾಸರಿ ತೆಗೆಯುತ್ತೇನೆ. ಈ ವಾರದ ಸರಾಸರಿಯನ್ನು ಹೋದ ವಾರದ್ದರ ಜೊತೆ ಹೋಲಿಸುತ್ತೇನೆ. ಮುಟ್ಟಿಗೆ ಮುಂಚಿನ ವಾರವನ್ನು ಮಾತ್ರ ಹಿಂದಿನ ತಿಂಗಳ ಅದೇ ವಾರದ ಜೊತೆ ನೋಡುತ್ತೇನೆ, ಆಗಲೂ ಮೈ ನೀರು ಹಿಡಿಯುತ್ತದೆ.

ಊಟದಲ್ಲಿ ನನಗೆ ಕೊರತೆ ಇದ್ದದ್ದು ಪ್ರೋಟೀನ್. ದಿನಕ್ಕೆ ಕಿಲೋ ತೂಕಕ್ಕೆ 0.83 ಗ್ರಾಂ ಬೇಕು ಎನ್ನುತ್ತದೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್). ನನಗೆ ಅದು ಸುಮಾರು 60 ಗ್ರಾಂ. ಒಂದು ದಿನ ತಿಂದದ್ದನ್ನೆಲ್ಲ ಬರೆದು ಕೂಡಿದರೆ 40 ಕೂಡ ಆಗಲಿಲ್ಲ. ನಮ್ಮ ಮೈಸೂರು ಕಡೆ ಬಸ್ಸಾರು ಮಾಡಿದ ದಿನವನ್ನೇ ನೋಡಿ. ಕಾಳು ಬಸಿದ ಕಟ್ಟು ಸಾರಿಗೆ, ಕಾಳು ಪಲ್ಯಕ್ಕೆ. ನಾನು ಸಾರು ಸುರಿದುಕೊಂಡು ಎರಡು ಮುದ್ದೆ ಉಣ್ಣುತ್ತಿದ್ದೆ, ಪಲ್ಯ ಒಂದೇ ಚಮಚ. ಪ್ರೋಟೀನ್ ಇರೋದೇ ಆ ಕಾಳಿನಲ್ಲಿ! ಈಗ ಮುದ್ದೆ ಒಂದು, ಪಲ್ಯ ಒಂದು ಬಟ್ಟಲು ತುಂಬ. "ಒಂದೇ ಮುದ್ದೆ ಸಾಕೇನಮ್ಮ?" ಎಂದು ಅತ್ತೆ ಕೇಳುತ್ತಿದ್ದರು. ಸಂಜೆ ತನಕ ಹಸಿವಾಗುವುದಿಲ್ಲ ಅತ್ತೆ, ಎಂದೆ. ನಿಜವಾಗಿಯೂ ಆಗಲಿಲ್ಲ. ಇದರ ಜೊತೆ ಎರಡು ಮೊಟ್ಟೆ, ಮೊಳಕೆ ಹೆಸರುಕಾಳು, ಮೊಸರು.

ಕುಕ್ಕರಹಳ್ಳಿ ಕೆರೆ ಹತ್ತಿರ ವಾರಕ್ಕೆ ಐದು ದಿನ ನಡಿಗೆ ಮೊದಲಿಂದಲೂ ಇತ್ತು. ಇಲ್ಲದಿದ್ದದ್ದು ಭಾರ ಎತ್ತುವುದು. ಊಟ ಬಿಟ್ಟು ತೂಕ ಇಳಿಸಿದಾಗ ಕೊಬ್ಬಿನ ಜೊತೆ ಸ್ನಾಯುವೂ ಕರಗುತ್ತದೆ. ತೂಕ ವಾಪಸ್ ಬರುವಾಗ ಮಾತ್ರ ಹೆಚ್ಚಾಗಿ ಕೊಬ್ಬೇ ಬರುತ್ತದೆ. ಆರು ವರ್ಷ ನಾನು ಮಾಡಿದ್ದು ಇದನ್ನೇ.

ಮೊದಲು ಹೋದ ಜಿಮ್‌ನಲ್ಲಿ ಮೊದಲ ವಾರವೇ ಜಾಸ್ತಿ ಭಾರ ಎತ್ತಿಸಿದರು. ಸೊಂಟ ಹಿಡಿದು ಮೂರು ವಾರ ನರಳಿದೆ. ಆಮೇಲೆ ಫಿಸಿಯೋಥೆರಪಿಸ್ಟ್ ಒಬ್ಬರ ಹತ್ತಿರ ಕಲಿತು ಮನೆಯಲ್ಲೇ ಶುರು ಮಾಡಿದೆ. ಕುರ್ಚಿಯಿಂದ ಕೈ ಊರದೆ ಹತ್ತು ಸಲ ಎದ್ದು ಕೂರುವುದು. ಗೋಡೆಗೆ ಕೈಕೊಟ್ಟು ಪುಷ್ ಅಪ್. ಅದು ಸುಲಭವಾದ ಮೇಲೆ ಐದು ಕಿಲೋ ರಾಗಿಹಿಟ್ಟಿನ ಚೀಲ ಎದೆಗವಚಿಕೊಂಡು ಎದ್ದು ಕೂತೆ. ಆಮೇಲೆ ಡಂಬೆಲ್ ತಂದೆ. ಬೆನ್ನು ನೆಟ್ಟಗಿಟ್ಟು, ಸೊಂಟ ಹಿಂದಕ್ಕೆ ತಳ್ಳಿ ಬಗ್ಗುವುದನ್ನು ಕಲಿಯಲು ಎರಡು ತಿಂಗಳು ಬೇಕಾಯಿತು. ದಯವಿಟ್ಟು ಇದಕ್ಕೆ ಅವಸರ ಮಾಡಬೇಡಿ. ವಾರಕ್ಕೆ ಎರಡು ದಿನ, ಅರ್ಧ ಗಂಟೆ. ಅಷ್ಟೇ.

ಹದಿನಾಲ್ಕು ತಿಂಗಳಲ್ಲಿ 74ರಿಂದ 68ಕ್ಕೆ ಬಂದೆ. ನಿಧಾನ ಅನ್ನಿಸಬಹುದು. ಆದರೆ ಆಮೇಲಿನ ಒಂದು ವರ್ಷ ವಾರದ ಸರಾಸರಿ 69 ದಾಟಿಲ್ಲ. ಸೊಂಟದ ಸುತ್ತಳತೆ 92ರಿಂದ 84 ಸೆಂಟಿಮೀಟರ್ ಆಗಿದೆ. ಹೆಂಗಸರಿಗೆ 80ರ ಒಳಗಿರಬೇಕು ಎನ್ನುತ್ತಾರೆ, ಇನ್ನೂ ನಾಲ್ಕು ಬಾಕಿ.

ಹೋದ ವಾರ ಇಪ್ಪತ್ತು ಲೀಟರ್ ನೀರಿನ ಕ್ಯಾನ್ ಬಂದಾಗ ಮನೆಯಲ್ಲಿ ಯಾರೂ ಇರಲಿಲ್ಲ. ನಾನೇ ಎತ್ತಿ ಸ್ಟ್ಯಾಂಡ್ ಮೇಲಿಟ್ಟೆ.