ಹೆಸರು ಮುಚ್ಚಿ ಕಥೆ ಆರಿಸಿದ್ದು: ನನ್ನ ಅನುಭವ

ನಮ್ಮ ಪತ್ರಿಕೆಯ ವಿಶೇಷಾಂಕದ ಕಥಾಸ್ಪರ್ಧೆಯಲ್ಲಿ ಬರೆದವರ ಹೆಸರು ಮುಚ್ಚಿ ತೀರ್ಪು ಕೊಡಿಸುವುದು ಆಗದ ಮಾತು ಎಂದು ಬಳಗದವರೇ ಹೇಳುತ್ತಿದ್ದರು. ಈ ಸಲ ಮಾಡಿ ತೋರಿಸಿದ್ದೇನೆ.

ಹೆಸರಿನ ಹಾಳೆ ಕಿತ್ತು ನಂಬರ್ ಹಾಕಿದರೆ ಸಾಲದು. ಮೊದಲ ವರ್ಷ ಕೈಬರಹದಲ್ಲೇ ಕೆಟ್ಟಿತು. ಹಳಬರ ಅಕ್ಷರ ತೀರ್ಪುಗಾರರಿಗೆ ಅವರ ಮುಖದಷ್ಟೇ ಪರಿಚಯ. ಮರುವರ್ಷ ಎಲ್ಲವನ್ನೂ ಕಂಪ್ಯೂಟರಿನಲ್ಲಿ ಡಿಟಿಪಿ ಮಾಡಿಸಿದೆ. ಪುಟಕ್ಕೆ 25 ರೂಪಾಯಿಯಂತೆ 15 ಸಾವಿರದ ಆಸುಪಾಸು ಹೋಯಿತು, ಬಹುಮಾನದ ಹಣಕ್ಕಿಂತ ಹೆಚ್ಚು. ಆಗಲೂ ಸೋರಿತು. ಕುಂದಾಪುರದ ಮಾತು ಬಂದರೆ ಇಂಥವರದು, ಧಾರವಾಡದ್ದು ಬಂದರೆ ಅಂಥವರದು ಎಂಬ ಊಹೆ ಶುರು. ಊಹೆ ಬಹುಪಾಲು ತಪ್ಪು, ಆದರೆ ಅಂಕ ಬೀಳುತ್ತಿದ್ದದ್ದು ಆ ಊಹೆಗೇ.

ಇದನ್ನು ಪರೀಕ್ಷಿಸಲು ಓದುಬಳಗದಲ್ಲಿ ಒಂದೇ ಕಥೆಯನ್ನು ಅರ್ಧ ಜನರಿಗೆ ಹೆಸರಿಲ್ಲದೆ, ಉಳಿದವರಿಗೆ ‘ಹಿರಿಯ ಕಥೆಗಾರರೊಬ್ಬರದು’ ಎಂದು ಹೇಳಿ ಕೊಟ್ಟೆ. ಕೊನೆಯಲ್ಲೊಂದು ವಾಕ್ಯ ಅರ್ಧಕ್ಕೇ ನಿಲ್ಲುತ್ತದೆ. ಮೊದಲಿನವರು ‘ಮುಗಿಸಲು ಬಂದಿಲ್ಲ’ ಎಂದರು. ಎರಡನೆಯವರು ಅದನ್ನೇ ಧ್ವನಿ, ಅಂದರೆ ಹೇಳದೆ ಸೂಚಿಸುವ ಕಲೆ, ಎಂದು ಹೊಗಳಿದರು.

ಅಂಕಿತ, ಅಂದರೆ ವಚನದ ಕೊನೆಯಲ್ಲಿ ಬರುವ ಗುರುತಿನ ಹೆಸರು, ತೆಗೆದ ವಚನಗಳನ್ನೂ ಓದಿಸಿ ನೋಡಿದೆ. ಗುಹೇಶ್ವರ, ಕೂಡಲಸಂಗಮದೇವ ಇವು ಬರೆದವರ ಹೆಸರಲ್ಲ, ದೈವದ ಹೆಸರು. ಆದರೂ ನಾವು ಅಲ್ಲಮನನ್ನು, ಬಸವಣ್ಣನನ್ನು ಗುರುತಿಸುವುದು ಅವುಗಳಿಂದಲೇ. ತೆಗೆದರೆ ಕರ್ತೃವಿನ ಗುರುತಿನ ಜೊತೆಗೆ ಮಾತು ಯಾರನ್ನು ಕುರಿತದ್ದು ಎಂಬುದೂ ಹೋಗಿ ವಚನ ಕುಂಟಿತು. ಬಸವಣ್ಣನ ಅಂಕಿತ ಬದಲಿಸಿದ್ದ ಪುಸ್ತಕವನ್ನು ಸರ್ಕಾರ 1998ರಲ್ಲಿ ಮುಟ್ಟುಗೋಲು ಹಾಕಿಕೊಂಡಿತು, 2017ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಅಂಕಿತ ಬದಲಿಸಿದ್ದಕ್ಕೆ ಎದ್ದ ಸಿಟ್ಟಿನ ಮೂಲ ನನಗೆ ಈ ಪ್ರಯೋಗದಲ್ಲಿ ತಿಳಿಯಿತು. ವಚನಗಳ ತಂಟೆಗೆ ಮತ್ತೆ ಹೋಗಲಿಲ್ಲ.

ಕೊನೆಗೆ ಫಲಿಸಿದ್ದು ಒಂದು ನಿಯಮ: ಅಂಕ ಕೊಡುವ ಮುನ್ನ ಕಥೆಯಿಂದಲೇ ಎರಡು ವಾಕ್ಯ ಎತ್ತಿ ಬರೆದು ಕಾರಣ ಹೇಳಬೇಕು, ಇಲ್ಲದಿದ್ದರೆ ಆ ಅಂಕ ಲೆಕ್ಕಕ್ಕಿಲ್ಲ. ಊಹೆಯ ದಾರಿ ತಪ್ಪಿಸಲು ತೀರ್ಪುಗಾರರಿಗೆ ಕೊಡುವ ಕಥೆಗಳ ಕಟ್ಟಿನೊಳಗೆ ಇನ್ನೊಂದು ಕೆಲಸ ಮಾಡುತ್ತೇನೆ. ಅದನ್ನಿಲ್ಲಿ ಹೇಳಿದರೆ ಮುಂದಿನ ವರ್ಷ ನಡೆಯದು.

ಬಹುಮಾನಿತರಲ್ಲಿ ಹೆಚ್ಚಿನವರು ಅಚ್ಚಿನಲ್ಲಿ ಹೆಸರು ಕಂಡದ್ದೇ ಮೊದಲು. ‘ಹೆಸರಾದವರಿಗೆ ಅನ್ಯಾಯ’ ಎಂದವರಿಗೆ ಉತ್ತರ, ಎರಡನೇ ಬಹುಮಾನ ಹೋದದ್ದು ಹೆಸರಾದವರಿಗೇ. ಯುನಿಕೋಡ್‌ನಲ್ಲೇ ಟೈಪು ಮಾಡಿ ಕಥೆ ಕಳಿಸುವವರು ಹೆಚ್ಚಿದ್ದರಿಂದ ಖರ್ಚೂ 6 ಸಾವಿರದೊಳಗೆ ಬಂತು.

ಅಚ್ಚಿನಲ್ಲಿ ಹೆಸರನ್ನು ಕಥೆಯ ಕೊನೆಗೆ ಹಾಕಿದೆ. ಒಬ್ಬರು ಹಕ್ಕಿನ ಪ್ರಶ್ನೆ ಎತ್ತಿದರು. 1957ರ ಕಾಪಿರೈಟ್ ಕಾಯ್ದೆಯ 57ನೇ ಕಲಮು ಕೃತಿ ತನ್ನದೆಂದು ಹೇಳಿಕೊಳ್ಳುವ ಹಕ್ಕನ್ನು ಲೇಖಕರಿಗೆ ಕೊಡುತ್ತದೆ, ಅದನ್ನು ನಾನು ಮುಟ್ಟಿಲ್ಲ. ಹೆಸರು ಇದೆ, ಕಥೆ ಓದಿದ ಮೇಲೆ ಸಿಗುತ್ತದೆ.