ದುಬಾರಿ ಲ್ಯಾಪ್‌ಟಾಪ್ ಒಡೆದು ಬಂದರೆ ಹೀಗೆ ಮಾಡಿ

ದಾವಣಗೆರೆಯ ಗೆಳೆಯರೇ, ಆನ್‌ಲೈನ್‌ನಲ್ಲಿ ಲ್ಯಾಪ್‌ಟಾಪ್ ತರಿಸುವವರು ಇದನ್ನು ಓದಿ. ಬಾಕ್ಸ್ ಬಂದ ಕೂಡಲೇ ಬಿಚ್ಚಬೇಡಿ. ಮೊದಲು ಆರೂ ಬದಿ ವಿಡಿಯೋ ಮಾಡಿ, ವಿಳಾಸದ ಚೀಟಿ ಕಾಣಲಿ. ಆಮೇಲೆ ಟೇಪ್ ಕತ್ತರಿಸುವುದರಿಂದ ಹಿಡಿದು ಸ್ಕ್ರೀನ್ ಆನ್ ಆಗುವವರೆಗೆ ಎಲ್ಲೂ ನಿಲ್ಲಿಸದೆ ಒಂದೇ ವಿಡಿಯೋ. ನಮ್ಮ ಮನೆಗೆ ಬಂದದ್ದರಲ್ಲಿ ಒಂದು ಮೂಲೆ ಜಜ್ಜಿಹೋಗಿತ್ತು, ಅಲ್ಲಿಂದ ಸ್ಕ್ರೀನ್ ಮೇಲೆ ಕೂದಲೆಳೆಯಂಥ ಬಿರುಕು. "ನೀವೇ ಬೀಳಿಸಿರಬೇಕು" ಅಂದರು ಕಂಪನಿಯವರು. ವಿಡಿಯೋ ಕಳಿಸಿದ ಮೇಲೆ ಮಾತು ಬದಲಾಯಿತು, ಹೊಸದು ಬಂತು.

ಸುಮ್ನೆ ಫೋನಿನಲ್ಲಿ ಜಗಳ ಆಡಿದರೆ ದಾಖಲೆ ಉಳಿಯುವುದಿಲ್ಲ, ಅಲ್ವಾ? ಇಮೇಲ್‌ನಲ್ಲಿ ಬರೆಯಿರಿ, ದೂರಿನ ನಂಬರ್ ಕೇಳಿ ಪಡೆಯಿರಿ. ರಿಪೇರಿ ಬೇಡ, ಬದಲಿ ಬೇಕು ಅಂತ ನೇರವಾಗಿ ಹೇಳಿ. 2020ರ ಇ-ಕಾಮರ್ಸ್ ನಿಯಮದ ಪ್ರಕಾರ ದೂರು ತಲುಪಿದೆ ಎಂದು 48 ಗಂಟೆಯೊಳಗೆ ತಿಳಿಸಬೇಕು, ಒಂದು ತಿಂಗಳೊಳಗೆ ಬಗೆಹರಿಸಬೇಕು. ಆಗಲಿಲ್ಲವೇ, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡಬಹುದು. ಅದಕ್ಕೂ ಬಗ್ಗದಿದ್ದರೆ ನಮ್ಮ ಜಿಲ್ಲಾ ಗ್ರಾಹಕ ಆಯೋಗ ಇದೆ. ಕಂಪನಿ ದೆಹಲಿಯಲ್ಲಿದ್ದರೂ ಇಲ್ಲೇ ದೂರು ಕೊಡಬಹುದು. ಕೊಟ್ಟ ಬೆಲೆ 5 ಲಕ್ಷದೊಳಗಿದ್ದರೆ ಶುಲ್ಕವೂ ಇಲ್ಲ.

ಬಾಕ್ಸ್, ಥರ್ಮೋಕೋಲ್ ಬಿಸಾಕಬೇಡಿ. ವಾಪಸ್ ಒಯ್ಯಲು ಬಂದವರು ಅದನ್ನೇ ಮೊದಲು ಕೇಳುತ್ತಾರೆ.