ಆರೋಪಿಯ ಮನಸ್ಥಿತಿ ಪರೀಕ್ಷೆಗೆ ಎಂಥವರು ಬೇಕು?

ಹಾಸನದ ಕೋರ್ಟಿನಲ್ಲಿ ನಿಮ್ಮವರ ಮೇಲೆ ಕೇಸಿದ್ದು, ಕೃತ್ಯ ನಡೆದಾಗ ಅವರ ಮನಸ್ಸು ಸರಿ ಇರಲಿಲ್ಲ ಅಂತ ತೋರಿಸಬೇಕಿದ್ದರೆ, ಕೌನ್ಸೆಲಿಂಗ್ ಬೋರ್ಡ್ ಕಂಡಲ್ಲೆಲ್ಲ ಸುಮ್ನೆ ದುಡ್ಡು ಕೊಡಬೇಡಿ. ಆರ್‌ಸಿಐ (ಭಾರತೀಯ ಪುನರ್ವಸತಿ ಮಂಡಳಿ) ನೋಂದಣಿ ಇರುವ ಕ್ಲಿನಿಕಲ್ ಸೈಕಾಲಜಿಸ್ಟ್, ಅಂದರೆ ಮಾನಸಿಕ ಕಾಯಿಲೆ ಪರೀಕ್ಷಿಸುವ ಮನಶ್ಶಾಸ್ತ್ರಜ್ಞರು ಹೌದಾ ನೋಡಿ. ಕೋರ್ಟಿನಲ್ಲಿ ಎದುರು ವಕೀಲರ ಪಾಟೀ ಸವಾಲಿಗೆ ನಿಲ್ತೀರಾ ಅಂತ ನೇರವಾಗಿ ಕೇಳಿ.

ಕಾಯಿಲೆ ಇತ್ತು ಅನ್ನೋದಷ್ಟೇ ಸಾಲದು. ಭಾರತೀಯ ನ್ಯಾಯ ಸಂಹಿತೆಯ 22ನೇ ಸೆಕ್ಷನ್ ನೋಡುವುದು ಕೃತ್ಯ ನಡೆದ ಹೊತ್ತನ್ನು: ತಾನು ಮಾಡುತ್ತಿರುವುದೇನು, ಅದು ತಪ್ಪು ಅಂತ ತಿಳಿಯುವ ಶಕ್ತಿ ಆಗ ಇತ್ತಾ? ಹಾಗಾಗಿ ಅರ್ಧ ಗಂಟೆ ಮಾತಾಡಿಸಿ ವರದಿ ಕೊಡುವವರಿಗಿಂತ, ಹಳೆ ಔಷಧಿ ಚೀಟಿ, ಚಾರ್ಜ್‌ಶೀಟ್ ಎಲ್ಲ ಓದಿ, ಹಿಂದಿನ ರಾತ್ರಿ ನಿದ್ದೆ ಮಾಡಿದ್ರಾ, ಊಟ ಮಾಡಿದ್ರಾ ಅಂತ ಮನೆಯವರನ್ನೂ ಕೇಳುವವರು ಒಳ್ಳೆಯವರು. "ನಿಮಗೆ ಬೇಕಾದಂತೆ ಬರೆದುಕೊಡ್ತೀನಿ" ಅಂದರೆ ಎದ್ದು ಬನ್ನಿ. ಆರೋಪಿ ಜೈಲಿನಲ್ಲಿದ್ದರೆ ಭೇಟಿಗೆ ಕೋರ್ಟಿನ ಅನುಮತಿ ಕೇಳಲು ವಕೀಲರಿಗೆ ಮೊದಲೇ ಹೇಳಿ.